ಏಳನೆಯ ಫಾರಂ

ಎಂಟನೇ ತರಗತಿಯ ಅರ್ಧಕ್ಕೆ ನಾನು ಶಾಲೆ ಬಿಟ್ಟಾಗ, ಅದು ಒಂದು ತಿಂಗಳ ಮಾತು ಎಂದು ಎಲ್ಲರೂ ತಿಳಿದಿದ್ದರು. ಅಜ್ಜಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗಲೇಬೇಕಿತ್ತು. ತಂಗಿಗೆ ಆಗ ಐದು ವರ್ಷ. ಮನೆಯಲ್ಲಿ ಯಾರಾದರೂ ಇರಬೇಕಿತ್ತು, ಆ ಯಾರಾದರೂ ನಾನಾದೆ. ಅಜ್ಜಿ ಮತ್ತೆ ಎದ್ದು ನಡೆಯುವಷ್ಟರಲ್ಲಿ ಒಂದೂವರೆ ವರ್ಷ ಕಳೆದು, ನನ್ನ ಜೊತೆಯವರು ಹತ್ತನೇ ತರಗತಿಗೆ ಬಂದಿದ್ದರು. ಚಿಕ್ಕವರ ಪಕ್ಕದಲ್ಲಿ ಬೆಂಚಿನ ಮೇಲೆ ಕೂರುವ ಧೈರ್ಯ ನನಗೆ ಬರಲಿಲ್ಲ. ನಿಜ ಹೇಳಬೇಕೆಂದರೆ, ಶಾಲೆಗೆ ಹೋಗಬೇಡ ಎಂದು ಯಾರೂ ಅನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ನಾನಾಗಿ ಕೇಳಬೇಕಿತ್ತು. ಕೇಳುವುದು ನನ್ನಿಂದಾಗದ ಕೆಲಸ.

ತಂಗಿ ನನಗಿಟ್ಟ ಹೆಸರು ಬೀಗ. ಬಾಯಿಗೆ ಹಾಕಿದ ಬೀಗ ಎಂದರ್ಥ. "ಅಮ್ಮಾ, ನಮ್ಮ ಬೀಗ ಇವತ್ತು ಪೂರ್ತಿ ಎರಡು ಮಾತಾಡ್ತು!" ಎಂದು ಅವಳು ಕೂಗಿದರೆ ಅಮ್ಮ ಒಳಗಿನಿಂದ, "ಬೀಗ ಮನೇಲೇ ಇದೆಯಲ್ಲ, ಬೀಗರು ಯಾವಾಗ ಬರ್ತಾರೋ ಅದನ್ನ ಕೇಳು," ಅನ್ನುತ್ತಾಳೆ. ಇಬ್ಬರೂ ನಗುತ್ತಾರೆ. ನಾನೂ ನಗುತ್ತೇನೆ, ಸದ್ದಿಲ್ಲದೆ.

ಹದಿನೇಳು ತುಂಬಿದಾಗ ಪುಸ್ತಕ ಬೈಂಡಿಂಗ್ ಮಾಡುವ ಕಡೆ ಕೆಲಸಕ್ಕೆ ಸೇರಿದೆ. ಉದ್ದನೆಯ ಒಂದೇ ಕೋಣೆ, ಬೀದಿಯ ಕಡೆಗೆ ನಾಲ್ಕು ಕಿಟಕಿ. ಒಂದು ತುದಿಯಲ್ಲಿ ಕತ್ತರಿಸುವ ಯಂತ್ರ, ಇನ್ನೊಂದು ತುದಿಯಲ್ಲಿ ಅಂಟು ಕಾಯಿಸುವ ಒಲೆ, ನಡುವೆ ನಮ್ಮ ಮೇಜು. ಮುದ್ರಣಾಲಯದಿಂದ ಬರುವ ಹಾಳೆಗಳು ಬಿಡಿಸಿದ ದಿನಪತ್ರಿಕೆಗಿಂತ ತುಸು ಚಿಕ್ಕವು. ಒಂದನ್ನು ಎರಡು ಸಲ ಮಡಚಿದರೆ ಎಂಟು ಪುಟ. ಅದಕ್ಕೆ ನಾವು ಫಾರಂ ಎನ್ನುತ್ತೇವೆ. ಪ್ರತಿ ಫಾರಮಿನ ಮೊದಲ ಪುಟದ ತಳದಲ್ಲಿ, ಓದುವವರು ಗಮನಿಸದಷ್ಟು ಸಣ್ಣದಾಗಿ, ಪುಸ್ತಕದ ಮೊದಲಕ್ಷರವೂ ಫಾರಮಿನ ಸಂಖ್ಯೆಯೂ ಅಚ್ಚಾಗಿರುತ್ತವೆ. ಇತಿಹಾಸದ ಮೂರನೆಯದಕ್ಕೆ ‘ಇ ೩’, ಭೂಗೋಳದ ಏಳನೆಯದಕ್ಕೆ ‘ಭೂ ೭’. ನಾವು ಹೆಂಗಸರು ಮೇಜಿನ ಸುತ್ತ ನಡೆಯುತ್ತ ಒಂದೊಂದು ರಾಶಿಯಿಂದ ಒಂದೊಂದು ಫಾರಂ ಎತ್ತಿ, ಆ ಗುರುತು ನೋಡಿಕೊಂಡು ಜೋಡಿಸುತ್ತೇವೆ. ಜೋಡಿಸಿದ್ದನ್ನು ಹೊಲಿಯುವವಳು ದಾರದಕ್ಕ. ಅವಳ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತದೆ.

ಒಂದು ಫಾರಂ ಆಚೀಚೆಯಾದರೆ ಆ ಪುಸ್ತಕಕ್ಕೆ ನಮ್ಮಲ್ಲಿ ‘ದಾರಿ ತಪ್ಪಿದವಳು’ ಎಂದು ಹೆಸರು.

"ಯಾರೇ ಇವಳನ್ನ ದಾರಿ ತಪ್ಪಿಸಿದ್ದು?" ಎಂದು ದಾರದಕ್ಕ ಸೂಜಿ ಹಿಡಿದೇ ಕೂಗುತ್ತಾಳೆ. "ಇಪ್ಪತ್ನಾಲ್ಕನೇ ಪುಟ ಆದ್ಮೇಲೆ ನೇರ ನಲವತ್ತೊಂದಕ್ಕೆ ಓಡ್ಹೋಗಿದ್ದಾಳೆ!"

"ಯಾರ ಜೊತೆ?" ಎಂದು ಯಾರೋ ಕೇಳುತ್ತಾರೆ.

"ವಿಜ್ಞಾನದ ಜೊತೆ. ಬುದ್ಧಿವಂತೆ."

ದಾರಿ ತಪ್ಪಿದವರೂ ಹರಿದವರೂ ಮೂಲೆಯ ರದ್ದಿಗೆ ಸೇರುತ್ತಾರೆ. ಎರಡು ವರ್ಷದ ಹಿಂದೆ ಒಂಬತ್ತನೇ ತರಗತಿಯ ಇತಿಹಾಸ, ವಿಜ್ಞಾನ, ಭೂಗೋಳ ಮೂರೂ ಒಟ್ಟಿಗೆ ನಮ್ಮಲ್ಲಿಗೆ ಬಂದವು. ಶಾಲೆಗೆ ಸೇರಿದವರಿಗಷ್ಟೇ ಕೊಡುವ ಪುಸ್ತಕಗಳು, ಅಂಗಡಿಯಲ್ಲಿ ಸಿಗುವುದಿಲ್ಲ. ನಾನು ರದ್ದಿಯಿಂದ ಫಾರಂ ಆಯತೊಡಗಿದೆ. ನಮ್ಮ ಕೆಲಸದ ಉಸ್ತುವಾರಿಯ ಮೇಸ್ತ್ರಿ ನೋಡಿದರು, ಬೇಡ ಅನ್ನಲಿಲ್ಲ. ಆರು ತಿಂಗಳಲ್ಲಿ ಮೂರು ಪುಸ್ತಕ ನನ್ನವಾದವು. ನಾನೇ ಜೋಡಿಸಿ, ನಾನೇ ಹೊಲಿದು, ಹಳೆಯ ಕ್ಯಾಲೆಂಡರಿನ ದಪ್ಪ ಕಾಗದದ ರಟ್ಟು ಹಾಕಿದೆ. ವಿಜ್ಞಾನ ಪೂರ್ತಿ ಸಿಕ್ಕಿತು, ಇತಿಹಾಸವೂ ಸಿಕ್ಕಿತು. ಭೂಗೋಳದ ಆರು ಮತ್ತು ಏಳನೆಯ ಫಾರಂ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ನನ್ನ ಭೂಗೋಳ ನಲವತ್ತನೇ ಪುಟದಿಂದ ಐವತ್ತೇಳಕ್ಕೆ ಹಾರುತ್ತಿತ್ತು.

ಶಾಲೆಯಲ್ಲಿದ್ದಾಗ ಈ ಮೂರು ವಿಷಯಗಳು ನನಗೆ ಅಷ್ಟೇನೂ ಇಷ್ಟವಿರಲಿಲ್ಲ. ಮೇಷ್ಟ್ರು ಕೇಳುತ್ತಾರೆ, ಎದ್ದು ನಿಲ್ಲಬೇಕು ಎನ್ನುವ ಹೆದರಿಕೆಯಲ್ಲೇ ಪಾಠ ಮುಗಿಯುತ್ತಿತ್ತು. ಈಗ ಕೇಳುವವರಿಲ್ಲ. ಅಂಟಿನ ಪಾತ್ರೆಯಿಂದ ಹಬೆ ಏಳುವುದು, ಅದು ಕಿಟಕಿಯ ತಣ್ಣನೆಯ ಗಾಜಿಗೆ ತಾಗಿ ಹನಿಯಾಗುವುದು ಕೆಲಸಕ್ಕೆ ಸೇರಿದ ದಿನದಿಂದ ಕಣ್ಣೆದುರಿಗೇ ಇತ್ತು. ಅದಕ್ಕೊಂದು ಹೆಸರಿದೆ, ಮೋಡವೂ ಹಾಗೆಯೇ ಆಗುತ್ತದೆ ಎಂದು ಓದಿದ ದಿನ ಇಡೀ ಮಧ್ಯಾಹ್ನ ಕಿಟಕಿ ನೋಡುತ್ತ ಫಾರಂ ಮಡಚಿದೆ. ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಇತಿಹಾಸದ ಆರನೇ ಪಾಠ. ಇನ್ನೂರು ವರ್ಷ ಮೆರೆದ ಒಂದು ರಾಜ್ಯ ನಾಶವಾದ ಕಥೆ. ಅದನ್ನು ನಾನು ಎಷ್ಟು ಸಲ ಓದಿದೆನೆಂದರೆ ಹೆಚ್ಚುಕಡಿಮೆ ಬಾಯಿಪಾಠವಾಗಿತ್ತು.

ಈ ವರ್ಷ ನಾನು ನಡೆದುಹೋಗುವ ದಾರಿಯಲ್ಲಿರುವ ಸಂಜೆ ಪ್ರೌಢಶಾಲೆಯ ಗೇಟಿಗೆ ಒಂದು ಪ್ರಕಟಣೆ ಅಂಟಿಸಿದರು. ಹದಿನೆಂಟು ದಾಟಿದವರು ಪರೀಕ್ಷೆ ಕೊಟ್ಟು ನೇರವಾಗಿ ಹತ್ತನೇ ತರಗತಿಗೆ ಸೇರಬಹುದು. ಭಾಷೆ, ಗಣಿತಕ್ಕೆ ಬರಹದ ಪರೀಕ್ಷೆ. ಇತಿಹಾಸ, ವಿಜ್ಞಾನ, ಭೂಗೋಳಕ್ಕೆ ಬಾಯಿಮಾತಿನ ಪರೀಕ್ಷೆ. ಬಾಯಿಮಾತು ಎಂಬ ಪದದ ಮುಂದೆ ನಾನು ನಾಲ್ಕು ದಿನ ನಿಂತು ಹೋದೆ. ಐದನೆಯ ದಿನ ದಾರದಕ್ಕ ಜೊತೆಗಿದ್ದಳು. ಅವಳು ನನ್ನ ಮುಖ ನೋಡಿದಳು, ಗೇಟು ನೋಡಿದಳು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಬಂದವಳೇ ಮೇಸ್ತ್ರಿಯ ಮುಂದೆ ನಿಂತಳು.

"ಈ ಹುಡುಗಿ ಓದ್ಬೇಕಂತೆ. ಸಂಜೆ ನಾಲ್ಕೂವರೆಗೆ ಬಿಡ್ಬೇಕು."

"ಅವಳು ಹೇಳಿದ್ಳಾ?"

"ಅವಳು ಹೇಳೋದನ್ನ ಕಾಯ್ತಾ ಕೂತ್ರೆ ನಿಮಗೂ ನನಗೂ ಹಲ್ಲು ಉದುರಿರುತ್ತೆ."

ಮೇಸ್ತ್ರಿ ಕನ್ನಡಕ ಒರೆಸಿಕೊಂಡು ನನ್ನ ಕಡೆ ನೋಡಿದರು. "ಒಂದು ವರ್ಷ. ಹತ್ತನೇ ಕ್ಲಾಸಿಗೆ ತಗೊಂಡ್ರೆ ಹೋಗು. ಎಂಟು, ಒಂಬತ್ತು ಅಂತ ಹಿಂದಿಂದ ಶುರು ಮಾಡಿದ್ರೆ ನನ್ನ ಕೈಲಿ ಆಗಲ್ಲಮ್ಮ. ಮೂರು ವರ್ಷ ಸಂಜೆ ಹೊತ್ತು ಆಳಿಲ್ಲದೆ ನಾನು ಏನು ಮಾಡ್ಲಿ?"

ಹೀಗೆ ಎಲ್ಲವೂ ಪರೀಕ್ಷೆಯಿದ್ದ ಶನಿವಾರದ ಬೆಳಿಗ್ಗೆಗೆ ಬಂದು ನಿಂತಿತು. ಹತ್ತು, ಇಲ್ಲದಿದ್ದರೆ ಏನೂ ಇಲ್ಲ.

ತಂಗಿ ನನ್ನ ಮೇಷ್ಟ್ರಾದಳು. ನನ್ನನ್ನು ಬಟ್ಟೆಯ ಬೀರುವಿನ ಮುಂದೆ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದಳು. "ನನ್ನ ನೋಡ್ಬೇಡ. ಬೀರುಗೆ ಹೇಳು. ಬೀರು ನಗಲ್ಲ." ಅಜ್ಜಿ ಮಂಚದ ಮೇಲಿಂದ, "ಸ್ವಲ್ಪ ಜೋರಾಗೇ ಹೇಳೇ, ಬೀರುಗೆ ಕೇಳಿದ್ರೂ ನನಗೆ ಕೇಳಲ್ಲ," ಅನ್ನುತ್ತಿದ್ದಳು. ಎರಡು ವಾರದಲ್ಲಿ ನನ್ನ ದನಿ ಮಂಚದವರೆಗೆ ತಲುಪಿತು.

ಬರಹದ ಪರೀಕ್ಷೆ ಸರಾಗವಾಗಿ ಮುಗಿಯಿತು. ಹನ್ನೊಂದು ಗಂಟೆಗೆ ನನ್ನನ್ನು ಒಳಗೆ ಕರೆದರು. ಮೇಜಿನ ಹಿಂದೆ ಮೂವರು. ನಡುವೆ ರಿಜಿಸ್ಟರ್ ತೆರೆದುಕೊಂಡು ವಿಜ್ಞಾನದ ಮೇಡಂ. ಎಡಕ್ಕೆ ಇತಿಹಾಸದ ಮೇಷ್ಟ್ರು, ಇಸ್ತ್ರಿ ಮಾಡಿದ ಅಂಗಿ, ಹಲ್ಲಿನಿಂದ ಕಚ್ಚಿ ಕಚ್ಚಿ ಗುರುತಾದ ಪೆನ್ನಿನ ಮುಚ್ಚಳ. ಬಲಕ್ಕೆ ಭೂಗೋಳದ ಮೇಷ್ಟ್ರು. ಅವರ ಬೂಟಿನ ಅಂಚಿನಲ್ಲಿ ಒಣಗಿದ ಕೆಂಪು ಮಣ್ಣಿತ್ತು. ನೆಲ ನೋಡಿಕೊಂಡು ಒಳಗೆ ಹೋಗುವವರಿಗೆ ಬೂಟುಗಳು ಮೊದಲು ಕಾಣುತ್ತವೆ.

ಮೇಡಂ ಬಾಷ್ಪೀಭವನ ಎಂದರೇನು ಎಂದು ಕೇಳಿದರು. ನಾನು ಅಂಟಿನ ಪಾತ್ರೆಯ ಉದಾಹರಣೆ ಕೊಟ್ಟೆ. "ಕೇಳಿಸ್ತಿಲ್ಲಮ್ಮ," ಎಂದರು. ನಾನು ಅವರ ಹಿಂದಿದ್ದ ಕಬ್ಬಿಣದ ಬೀರುವಿನ ಕಡೆ ನೋಡಿ ಇನ್ನೊಮ್ಮೆ ಹೇಳಿದೆ. ಅವರು ತಲೆಯಾಡಿಸಿ ಏನೋ ಬರೆದರು. ಇನ್ನೂ ನಾಲ್ಕು ಪ್ರಶ್ನೆ ಕೇಳಿದರು, ನಾಲ್ಕಕ್ಕೂ ಉತ್ತರ ಬಂತು.

ಇತಿಹಾಸದ ಮೇಷ್ಟ್ರು ಪುಸ್ತಕ ತಿರುವಿದರು. "ಆರನೇ ಪಾಠ. ಈ ರಾಜ್ಯ ಯಾಕೆ ನಾಶವಾಯ್ತು?"

ನನಗೆ ಖುಷಿಯಾಯಿತು. ಇಡೀ ಪುಸ್ತಕದಲ್ಲಿ ಬೇರೆ ಏನನ್ನಾದರೂ ಕೇಳಬಹುದಿತ್ತು, ಇದನ್ನೇ ಕೇಳಿದರು.

"ಗಾಳಿ ಮತ್ತು ನೀರಿನಿಂದ ಸರ್."

ಅವರು ಮುಚ್ಚಳವನ್ನು ಬಾಯಿಂದ ತೆಗೆದರು. "ಏನಂದೆ? ರಾಜನಿಗೆ ನೆಗಡಿ ಆಗಿತ್ತಾ?"

ಮೇಡಂ ನಗು ತಡೆದುಕೊಂಡರು. ಬೇರೆ ದಿನವಾಗಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಆದರೆ ಈ ಪಾಠ ನನಗೆ ಚೆನ್ನಾಗಿ ಗೊತ್ತಿತ್ತು. ಕಬ್ಬಿಣದ ಬೀರುವಿಗೆ ಹೇಳುತ್ತ ಹೋದೆ. ಗಾಳಿಯೂ ನೀರೂ ಮೇಲ್ಮಣ್ಣನ್ನು ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ಹೊತ್ತೊಯ್ಯುತ್ತವೆ. ಬೆರಳಿನಷ್ಟು ಮಣ್ಣು ಕಟ್ಟಲು ನೂರಾರು ವರ್ಷ ಬೇಕು, ಹೋಗಲು ಕೆಲವೇ ಮಳೆಗಾಲ ಸಾಕು. ಇಳಿಜಾರಿನ ಮರ ಕಡಿದ ಮೇಲೆ ನೀರಿಗೆ ತಡೆಯಿಲ್ಲ, ಹೊಲದಲ್ಲಿ ಕೊರಕಲು ಬೀಳುತ್ತದೆ, ಬೆಳೆ ಕುಗ್ಗುತ್ತದೆ. "ಇದನ್ನು ತಡೆಯಲು ಇಳಿಜಾರಿನಲ್ಲಿ ಹೊಸ ರಾಜಧಾನಿಯನ್ನು ಕಟ್ಟಲಾಯಿತು," ಎಂದು ಮುಗಿಸಿದೆ.

ಭೂಗೋಳದ ಮೇಷ್ಟ್ರು ಮೇಜಿನ ಮೇಲೆ ಅಂಗೈ ಬಡಿದರು.

"ಕೇಳಿದ್ರಾ? ಹತ್ತು ವರ್ಷದಿಂದ ಬಡ್ಕೊಳ್ತಿದ್ದೀನಿ! ಮಣ್ಣು ಹೋದ್ರೆ ಬೆಳೆ ಹೋಯ್ತು, ಬೆಳೆ ಹೋದ್ರೆ ಸೈನ್ಯಕ್ಕೆ ಊಟ ಹೋಯ್ತು. ನೀವು ಮಾತ್ರ ಅಣ್ಣತಮ್ಮನ ಜಗಳ, ಅಣ್ಣತಮ್ಮನ ಜಗಳ ಅಂತ ಅದನ್ನೇ ಹಾಡ್ತೀರಿ."

"ಅದು ಪುಸ್ತಕದಲ್ಲಿರೋದು ಸ್ವಾಮಿ. ನಾನು ಹಾಡಿದ್ದಲ್ಲ."

"ಅದೇ ನಾನು ಹೇಳ್ತಿರೋದು! ಪುಸ್ತಕದಲ್ಲಿ ಇಲ್ದಿರೋದನ್ನ ಈ ಹುಡುಗಿ ತಾನೇ ಯೋಚ್ನೆ ಮಾಡಿದ್ದಾಳೆ. ಭೂಗೋಳ ತಂದು ಇತಿಹಾಸಕ್ಕೆ ಸೇರಿಸಿದ್ದಾಳೆ. ಇದಕ್ಕಿಂತ ಇನ್ನೇನು ಬೇಕು ನಿಮಗೆ?"

ನನಗೆ ಏನೂ ಅರ್ಥವಾಗಲಿಲ್ಲ. ಪುಸ್ತಕದಲ್ಲಿ ಇಲ್ಲವೆ? ಎಂಟು ಪುಟವಿದೆಯಲ್ಲ.

ಇತಿಹಾಸದ ಮೇಷ್ಟ್ರು ನನ್ನನ್ನು ಹೊಸದಾಗಿ ನೋಡಿದರು. "ರಾಜಧಾನಿ ವಿಷಯ ಸ್ವಲ್ಪ ಅತಿಯಾಯ್ತು. ಆದ್ರೂ ಯೋಚಿಸಿ ಮಾತಾಡೋರು ನಮಗೆಲ್ಲಿ ಸಿಗ್ತಾರೆ? ಹಾಕಿ ಮೇಡಂ, ಹತ್ತಕ್ಕೇ ಹಾಕಿ."

ಮೇಡಂ ಪೆನ್ನು ಎತ್ತಿಕೊಂಡರು. ಅಷ್ಟರಲ್ಲಿ ಭೂಗೋಳದ ಮೇಷ್ಟ್ರು ಸಂಭ್ರಮದಿಂದ ತಮ್ಮ ಪುಸ್ತಕ ತೆರೆದು ನನ್ನ ಕಡೆ ತಿರುಗಿಸಿದರು. "ನೋಡಮ್ಮ, ಮಣ್ಣಿನ ಸವಕಳಿ, ನೀನು ಹೇಳಿದ್ದೆಲ್ಲ ಇಲ್ಲಿದೆ. ಎಷ್ಟು ಚೆನ್ನಾಗಿ ಹೊಂದಿಸಿದ್ದೀಯ!"

ನಲವತ್ತೊಂಬತ್ತನೇ ಪುಟ. ಮೊದಲ ಸಾಲು, "ಗಾಳಿ ಮತ್ತು ನೀರು. ಇವು ಮೇಲ್ಮಣ್ಣನ್ನು ವರ್ಷವರ್ಷವೂ..." ತಳದಲ್ಲಿ ಇರುವೆಯಷ್ಟು ಸಣ್ಣಗೆ, ಭೂ ೭.

ನನ್ನ ಇತಿಹಾಸದಲ್ಲಿ ಆ ಪುಟದ ತಳವನ್ನು ಕತ್ತರಿಸುವ ಯಂತ್ರ ಹೆಚ್ಚಾಗಿ ತಿಂದಿತ್ತು, ಗುರುತು ಇರಲಿಲ್ಲ. ಕಾಗದ ಒಂದೇ, ಅಕ್ಷರ ಒಂದೇ, ಪುಟದ ಸಂಖ್ಯೆ ಸರಿಯಾಗಿತ್ತು. ನಲವತ್ತೆಂಟನೇ ಪುಟ "ಈ ರಾಜ್ಯದ ನಾಶಕ್ಕೆ ಮುಖ್ಯ ಕಾರಣ" ಎಂದು ಮುಗಿಯುತ್ತಿತ್ತು, ಮುಂದಿನದು "ಗಾಳಿ ಮತ್ತು ನೀರು" ಎಂದು ಶುರುವಾಗುತ್ತಿತ್ತು. ಕೊನೆಯಲ್ಲೂ ಹಾಗೆಯೇ, ಭೂಗೋಳದ ಐವತ್ತಾರನೇ ಪುಟ "ಇದನ್ನು ತಡೆಯಲು ಇಳಿಜಾರಿನಲ್ಲಿ" ಎಂದು ನಿಲ್ಲುತ್ತಿತ್ತು, ಇತಿಹಾಸದ ಐವತ್ತೇಳನೆಯದು "ಹೊಸ ರಾಜಧಾನಿಯನ್ನು ಕಟ್ಟಲಾಯಿತು" ಎಂದು ಮುಂದುವರಿಯುತ್ತಿತ್ತು. ನಾನು ಹೊಲಿದುಬಿಟ್ಟಿದ್ದೆ. ಎಂಟು ಪುಟದಲ್ಲಿ ರಾಜನ ಹೆಸರು ಒಂದು ಸಲವೂ ಬಾರದಿದ್ದುದು ಕೂಡ ನನಗೆ ವಿಚಿತ್ರ ಅನ್ನಿಸಿರಲಿಲ್ಲ. ನಾಶವಾದವನ ಮಾತು ಇನ್ನೇಕೆ ಎಂದು ಬಿಟ್ಟಿರಬೇಕು ಅಂದುಕೊಂಡಿದ್ದೆ. ಎರಡು ವರ್ಷ ಹುಡುಕಿದ ಏಳನೆಯ ಫಾರಂ ನನ್ನ ಬಳಿಯೇ ಇತ್ತು, ಬೇರೆ ಪುಸ್ತಕದ ಹೊಟ್ಟೆಯೊಳಗೆ. ಮೂರು ವರ್ಷ ಸಾವಿರಾರು ಪುಸ್ತಕ ಜೋಡಿಸಿದವಳು, ನನ್ನದೇ ಪುಸ್ತಕವನ್ನು ದಾರಿ ತಪ್ಪಿಸಿದ್ದೆ.

ಮೇಡಂ ನನ್ನ ಹೆಸರಿನ ಮುಂದಿನ ಖಾನೆ ಹುಡುಕುತ್ತಿದ್ದರು. ಸುಮ್ಮನಿದ್ದರೆ ಮುಗಿಯಿತು. ಸುಮ್ಮನಿರುವುದು ನನಗೆ ಬರುವ ಒಂದೇ ವಿದ್ಯೆ. ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ನಾಲ್ಕೂವರೆಗೆ ಬಿಡುವ ಮೇಸ್ತ್ರಿ, ಒಂದೇ ಒಂದು ವರ್ಷ, ಎಲ್ಲವೂ ಆ ಖಾನೆಯಲ್ಲಿತ್ತು. ಆದರೆ ಹಾಗೆ ಹತ್ತನೇ ತರಗತಿಯಲ್ಲಿ ಕೂತರೆ ಮುಂದೆ ಪ್ರತಿದಿನವೂ ಯೋಚಿಸುವ ಹುಡುಗಿಯಂತೆ ನಟಿಸಬೇಕಾಗುತ್ತಿತ್ತು. ಆ ಭೂಗೋಳದ ಮೇಷ್ಟ್ರ ಖುಷಿಯನ್ನು ನೋಡಿದಾಗಲೆಲ್ಲ ನಾನು ಬಗ್ಗಿ ಬೂಟು ನೋಡಬೇಕಾಗುತ್ತಿತ್ತು.

"ಬರೀಬೇಡಿ ಮೇಡಂ," ಎಂದೆ.

ಮೂವರೂ ತಲೆಯೆತ್ತಿದರು.

"ನಾನು ಯೋಚಿಸಿದ್ದಲ್ಲ ಸರ್ ಅದು. ಫಾರಂ ತಪ್ಪಿದೆ."

"ಯಾವ ಫಾರಂ? ಅರ್ಜಿ ಫಾರಮ್ಮಾ?" ಎಂದು ಮೇಡಂ ಗಾಬರಿಯಿಂದ ಕಾಗದ ಹುಡುಕಿದರು.

ಚೀಲದಿಂದ ನನ್ನ ಇತಿಹಾಸವನ್ನು ತೆಗೆದು ಮೇಜಿನ ಮೇಲಿಟ್ಟೆ. ಹೇಳಲು ಮಾತು ಸಿಗದಿದ್ದಾಗ ಕೈ ನೆರವಿಗೆ ಬರುತ್ತದೆ. ಅಲ್ಲಿದ್ದ ಖಾಲಿ ಹಾಳೆಯೊಂದನ್ನು ಎರಡು ಸಲ ಮಡಚಿ, ಎಂಟು ಪುಟಕ್ಕೆ ಸಂಖ್ಯೆ ಬರೆದು, ತಳದಲ್ಲಿ ಗುರುತು ಹಾಕಿ ತೋರಿಸಿದೆ. ಆ ಗುರುತು ಕತ್ತರಿಸಿಹೋದರೆ ಏನಾಗುತ್ತದೆ ಎಂದು ಹೇಳಿದೆ. ಎರಡೂ ಪುಸ್ತಕದ ನಲವತ್ತೊಂಬತ್ತನೇ ಪುಟವನ್ನು ಪಕ್ಕಪಕ್ಕ ಇಟ್ಟೆ. ಅಷ್ಟು ಹೊತ್ತು, ಅಪರಿಚಿತರ ಮುಂದೆ, ನಾನು ಎಂದೂ ಮಾತಾಡಿರಲಿಲ್ಲ.

ಭೂಗೋಳದ ಮೇಷ್ಟ್ರ ಮುಖ ಇಳಿಯಿತು. "ಅಂದ್ರೆ ನಾನು ಹೊಗಳಿದ್ದು ನನ್ನ ಪುಸ್ತಕವನ್ನೇ," ಎಂದರು.

ಇತಿಹಾಸದ ಮೇಷ್ಟ್ರು ನಗಲು ಶುರುಮಾಡಿದವರು ನಿಲ್ಲಿಸಲಾಗದೆ ಕಣ್ಣು ಒರೆಸಿಕೊಂಡರು. "ಇಳಿಜಾರಿನಲ್ಲಿ ಹೊಸ ರಾಜಧಾನಿ! ನಾನು ಆ ವಾಕ್ಯ ಎಲ್ಲಿಂದ ಬಂತು ಅಂತ ತಲೆ ಕೆಡಿಸ್ಕೊಂಡಿದ್ದೆ." ಆಮೇಲೆ ಗಂಭೀರರಾದರು. "ಆದ್ರೆ ಈಗ ಏನು ಮಾಡೋದು? ಆರನೇ ಪಾಠ ನೀನು ಓದೇ ಇಲ್ಲ. ಉತ್ತರ ತಪ್ಪು. ತಪ್ಪಿಗೆ ಹತ್ತನೇ ಕ್ಲಾಸು ಕೊಡೋಕಾಗಲ್ಲ."

"ಗೊತ್ತು ಸರ್."

ಮೇಡಂ ರಿಜಿಸ್ಟರಿನ ಮೇಲೆ ಪೆನ್ನು ಅಡ್ಡ ಇಟ್ಟರು. "ಹೊರಗೆ ಇನ್ನೂ ಐದು ಜನ ಇದ್ದಾರೆ. ಅವರದ್ದು ಮುಗಿಯೋ ತನಕ ಇವಳು ಆ ಎಂಟು ಪುಟ ಓದ್ಲಿ. ಓದೋಕೆ ಗೊತ್ತಾ ಇಲ್ವಾ ಅಂತ ತಾನೇ ನಾವು ನೋಡ್ಬೇಕಾಗಿರೋದು."

ಇತಿಹಾಸದ ಮೇಷ್ಟ್ರು ತಮ್ಮ ಪುಸ್ತಕವನ್ನು ನನ್ನ ಕಡೆ ತಳ್ಳಿದರು.

ಹೊರಗಿನ ಬೆಂಚಿನ ತುದಿಯಲ್ಲಿ ಕೂತು ಓದಿದೆ. ನನ್ನ ಪಕ್ಕ ಒಬ್ಬ ಡ್ರೈವರು ನದಿಗಳ ಹೆಸರನ್ನು ಗುನುಗುತ್ತಿದ್ದ. ನಲವತ್ತೊಂಬತ್ತನೇ ಪುಟ ಹೀಗೆ ಶುರುವಾಗುತ್ತಿತ್ತು: "ರಾಜನ ಇಬ್ಬರು ಮಕ್ಕಳ ನಡುವಿನ ಕಲಹ." ಸಿಂಹಾಸನಕ್ಕೆ ಜಗಳ, ಎರಡು ಪಾಲಾದ ಸೈನ್ಯ, ಏರಿದ ಕಂದಾಯ, ಊರು ಬಿಟ್ಟ ಜನ. ಎರಡು ಸಲ ಓದಿದೆ. ಮೂರನೆಯ ಸಲ ಐವತ್ತಮೂರನೇ ಪುಟದಲ್ಲಿ ಒಂದು ಸಾಲಿನ ಹತ್ತಿರ ನನ್ನ ಬೆರಳು ನಿಂತಿತು. ಮುಂದಕ್ಕೆ ಹೋಗಿ, ಮತ್ತೆ ಅಲ್ಲಿಗೇ ಬಂದೆ.

ಒಂದು ಗಂಟೆಯ ನಂತರ ಕರೆದರು. ಮೂವರೂ ದಣಿದಿದ್ದರು.

"ಈಗ ಹೇಳು. ರಾಜ್ಯ ಯಾಕೆ ನಾಶವಾಯ್ತು?"

ಹೇಳಿದೆ. ಈ ಸಲ ಬೀರುವನ್ನು ನೋಡುವುದು ನೆನಪಾಗಲಿಲ್ಲ. ದೊಡ್ಡವನು ರಾಜಧಾನಿ ಹಿಡಿದದ್ದು, ಚಿಕ್ಕವನು ಗಡಿಯ ಸೈನ್ಯದೊಂದಿಗೆ ತಿರುಗಿ ಬಿದ್ದದ್ದು, ಇಬ್ಬರೂ ಕಂದಾಯ ಏರಿಸಿದ್ದು, ಎಲ್ಲವನ್ನೂ ಸಾಲಾಗಿ ಹೇಳಿದೆ. ಅವರು ತಲೆಯಾಡಿಸುತ್ತಿದ್ದರು.

"ಸರಿ. ಮುಗೀತಾ?"

ಮುಗಿಯಿತು ಎನ್ನಬಹುದಿತ್ತು.

"ಒಂದು ಕೇಳ್ಬೇಕು ಸರ್."

"ನೀನು ನಮ್ಮನ್ನ ಕೇಳ್ತೀಯಾ? ಕೇಳು, ಅದೊಂದು ಬಾಕಿ ಇತ್ತು."

"ಐವತ್ತಮೂರನೇ ಪುಟದಲ್ಲಿ, ಜಗಳ ಶುರುವಾಗೋ ಮೊದಲೇ ಮೂರು ವರ್ಷ ಬೆಳೆ ಕೈಗೆ ಹತ್ತಿರಲಿಲ್ಲ ಅಂತ ಒಂದು ಸಾಲಿದೆ. ಮಳೆ ಬರಲಿಲ್ಲ ಅಂತ ಇಲ್ಲ. ನಲವತ್ತೇಳನೇ ಪುಟದಲ್ಲಿ ಅರಮನೆಗೆ, ಕೋಟೆಗೆ ಗುಡ್ಡದ ಮರ ಎಲ್ಲ ಕಡಿಸಿದ್ರು ಅಂತಿದೆ. ಬೆಳೆ ಯಾಕೆ ಹೋಯ್ತು ಅಂತ ಮಾತ್ರ ಎಲ್ಲೂ ಬರೆದಿಲ್ಲ." ಉಸಿರು ಸಾಲಲಿಲ್ಲ, ನಿಲ್ಲಿಸಿ ತೆಗೆದುಕೊಂಡೆ. "ಮಣ್ಣು ಹೋಗಿತ್ತಾ ಸರ್? ಇದು ಫಾರಂ ತಪ್ಪಿ ಕೇಳ್ತಿರೋದಲ್ಲ."

ಇತಿಹಾಸದ ಮೇಷ್ಟ್ರು ಪುಸ್ತಕ ಎಳೆದುಕೊಂಡು ಐವತ್ತಮೂರನೇ ಪುಟ ತೆಗೆದರು. ಓದಿದರು. ನಲವತ್ತೇಳಕ್ಕೆ ಹೋದರು. ಭೂಗೋಳದ ಮೇಷ್ಟ್ರು ಕುರ್ಚಿ ಸರಿಸಿಕೊಂಡು ಅವರ ಭುಜದ ಮೇಲಿಂದ ಬಗ್ಗಿದರು. ಈ ಸಲ ಅವರು ಮೇಜು ಬಡಿಯಲಿಲ್ಲ.

"ಎಷ್ಟು ಸಲ ಪಾಠ ಮಾಡಿದ್ದೀನಿ ಇದನ್ನ," ಎಂದರು ಇತಿಹಾಸದ ಮೇಷ್ಟ್ರು, ತಮಗೇ ಎಂಬಂತೆ. ಆಮೇಲೆ ನನ್ನನ್ನು ನೋಡಿ, "ನನಗೆ ಗೊತ್ತಿಲ್ಲಮ್ಮ. ಹುಡುಕ್ಬೇಕು," ಎಂದರು.

ಮೇಷ್ಟ್ರೊಬ್ಬರು ಗೊತ್ತಿಲ್ಲ ಎಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಗೊತ್ತಿಲ್ಲ ಎನ್ನುವುದು ನನ್ನಂಥವರ ಉತ್ತರ ಎಂದುಕೊಂಡಿದ್ದೆ.

"ಈಗಲಾದ್ರೂ ಬರೀಲಾ?" ಎಂದರು ಮೇಡಂ.

"ಬರೀರಿ."

"ಏನಂತ?"

"ಹತ್ತು ಅಂತ. ಇವಳನ್ನ ಎಂಟನೇ ಕ್ಲಾಸಲ್ಲಿ ಕೂರಿಸಿದ್ರೆ ಅಲ್ಲಿ ಯಾರು ಉತ್ತರ ಹೇಳ್ತಾರೆ?"

ಮೇಡಂ ಖಾನೆಯಲ್ಲಿ ಬರೆದು, ಅದರ ಕೆಳಗೆ ಗೆರೆ ಎಳೆದು, ರಿಜಿಸ್ಟರನ್ನು ಮೂವರ ಸಹಿಗೆ ತಿರುಗಿಸಿದರು. "ಸೋಮವಾರದಿಂದ ಕ್ಲಾಸು. ಐದಕ್ಕೆ ಸರಿಯಾಗಿ ಇರ್ಬೇಕು. ಕೆಲಸ ಬಿಟ್ಟು ಬರೋಕಾಗುತ್ತಾ?"

"ಆಗುತ್ತೆ!" ಎಂದೆ.

ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ. ಕಾರಿಡಾರಿನಲ್ಲಿ ಬೆಂಚು ಎತ್ತಿಡುತ್ತಿದ್ದ ಜವಾನ ಏನಾಯಿತೆಂದು ಬಾಗಿಲಲ್ಲಿ ಇಣುಕಿ ನೋಡಿದ.